ಉದ್ಯೋಗಭೀತಿಯೂ ಧೈರ್ಯೋಪದೇಶವೂ

ತಿಂಗಳ ಸಂಬಳದಿಂದ ಸಂಸಾರ ನಡೆಯಿಸುವವನಿಗೆ ತನ್ನ ಕೆಲಸ ಹೋದೀತೆಂಬ ಶಂಕೆ ಹುಟ್ಟಿದಾಗ ಅವನಿಗೆ ಮೊಟ್ಟಮೊದಲು ದೊರೆಯುವುದು ಸಹಾಯವಲ್ಲ, ಉಪದೇಶ. "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?" ಎಂದು ಪಿಂಚಣಿ ಪಡೆಯುತ್ತಿರುವ ಹಿರಿಯರು ಸಮಾಧಾನ ಹೇಳುವರು. ಭಯವೆಂಬುದು ಮನಸ್ಸಿನ ದೌರ್ಬಲ್ಯವೆಂದೂ ಅದನ್ನು ಗೆದ್ದವನಿಗೆ ಸೋಲಿಲ್ಲವೆಂದೂ ಉಪನ್ಯಾಸಕರು ವೇದಿಕೆಯ ಮೇಲಿಂದ ಸಾರುವರು. ದೊಡ್ಡ ಕಚೇರಿಗಳಲ್ಲಾದರೋ, ಜನರನ್ನು ತೆಗೆಯುವ ಪಟ್ಟಿಯು ಒಂದು ಕೊಠಡಿಯಲ್ಲಿ ಸಿದ್ಧವಾಗುತ್ತಿರುವಾಗಲೇ ಪಕ್ಕದ ಕೊಠಡಿಯಲ್ಲಿ ಮನಶ್ಶಾಂತಿಯ ಪಾಠವು ನಡೆಯುವುದುಂಟು. ಈ ಮೂವರ ಮಾತಿನ ರೀತಿ ಬೇರೆಬೇರೆಯಾದರೂ ಸಾರವೊಂದೇ: ದೋಷವಿರುವುದು ಕೆಲಸದ ಸ್ಥಿತಿಯಲ್ಲಲ್ಲ, ಅಂಜುವವನ ಮನಸ್ಸಿನಲ್ಲಿ. ಈ ಸಾರವು ಸುಳ್ಳು. ಬರಿಯ ಸುಳ್ಳಲ್ಲ, ಅಪಾಯಕರವಾದ ಸುಳ್ಳು.

ಕತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಬೆದರುವವನ ದೃಷ್ಟಾಂತವನ್ನು ವೇದಾಂತಿಗಳು ಕೊಡುತ್ತಾರೆ. ಅಲ್ಲಿ ದೀಪ ತಂದೊಡನೆ ಭಯವು ನೀಗುತ್ತದೆ. ಧೈರ್ಯೋಪದೇಶಕರೆಲ್ಲರೂ ತಿಳಿದೋ ತಿಳಿಯದೆಯೋ ಈ ದೃಷ್ಟಾಂತವನ್ನೇ ನೆಚ್ಚಿರುವರು. ಆದರೆ ದೀಪ ತಂದು ನೋಡಿದಾಗ ಅಲ್ಲಿರುವುದು ಹಾವೇ ಆಗಿದ್ದರೆ? ಆಗ ಬೇಕಾದುದು ಕೋಲು, ಒಬ್ಬಿಬ್ಬರು ನೆರೆಯವರು, ಹೊರಕ್ಕೆ ಹೋಗುವ ಒಂದು ದಾರಿ. ಹಾವಿದ್ದ ಮನೆಯಲ್ಲಿ ಹಗ್ಗದ ವೇದಾಂತವನ್ನು ಹೇಳುವವನು ಜ್ಞಾನಿಯಲ್ಲ. ಉದ್ಯೋಗಭೀತಿಯ ವಿಷಯದಲ್ಲಿ ಮೊದಲು ವಿಚಾರಿಸಬೇಕಾದುದು ಅಂಜುವವನ ಮನೋಬಲವಲ್ಲ. ಕಂಡದ್ದು ಹಗ್ಗವೋ ಹಾವೋ ಎಂಬುದು.

ಕೋಲಾರದ ಚಿನ್ನದ ಗಣಿಗಳ ಕಥೆಯು ಈ ಜಿಲ್ಲೆಯ ವಾಚಕರಿಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರನ ಸಂಸ್ಥೆಯು ಅಲ್ಲಿ ಆಧುನಿಕ ರೀತಿಯ ಗಣಿಗೆಲಸವನ್ನು ಕೈಗೊಂಡಿತು. 1902ರಲ್ಲಿ ಶಿವನಸಮುದ್ರದಿಂದ ತಂತಿಗಳ ಮೂಲಕ ಹರಿದುಬಂದ ವಿದ್ಯುಚ್ಛಕ್ತಿಯು ಮೊದಲು ಸೇರಿದುದು ಈ ಗಣಿಗಳನ್ನೇ. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ಮುಂದೆ ಅವು ಕೇಂದ್ರ ಸರ್ಕಾರದ ಕೈಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾದುವು. ಕಾರ್ಮಿಕನು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ಬಂಡೆಯ ಕಾವಿನಲ್ಲಿ ಬೆಂದು ದುಡಿದನು. ಮೊದಮೊದಲು ಒಂದು ಟನ್ನು ಅದುರಿನಲ್ಲಿ 40 ಗ್ರಾಮಿಗೂ ಮೀರಿ ದೊರೆಯುತ್ತಿದ್ದ ಚಿನ್ನವು ಕಡೆಗಾಲಕ್ಕೆ ಕೆಲವೇ ಗ್ರಾಮುಗಳಿಗೆ ಇಳಿಯಿತು. ಆಳವು ಹೆಚ್ಚಿದಂತೆ ವೆಚ್ಚವೂ ಹೆಚ್ಚಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟುವು.

ಅದಕ್ಕೆ ಹಿಂದಿನ ವರ್ಷಗಳಲ್ಲಿ ಅಲ್ಲಿಯ ಕಾರ್ಮಿಕನು ಅಂಜಿದ್ದರೆ ಅದನ್ನು ಮನೋದೌರ್ಬಲ್ಯವೆನ್ನುವ ಬಾಯಿ ಯಾವುದು? ಕೆಲಸಗಾರನು ಧೈರ್ಯಗೊಂಡ ಮಾತ್ರಕ್ಕೆ ಬಂಡೆಯಲ್ಲಿ ಚಿನ್ನವು ಹೆಚ್ಚುವುದಿಲ್ಲ. ಅವನು ವಾಸಿಸುತ್ತಿದ್ದ ಲೈನಿನ ಮನೆಯು ಸಂಸ್ಥೆಯದು. ಕಾಯಿಲೆಗೆ ಹೋಗುತ್ತಿದ್ದ ಆಸ್ಪತ್ರೆಯು ಸಂಸ್ಥೆಯದು. ಅಂಥವನಿಗೆ ಕೆಲಸ ಹೋಗುವುದೆಂದರೆ ಸಂಬಳ ನಿಲ್ಲುವುದಷ್ಟೇ ಅಲ್ಲ, ಕಾಲ ಕೆಳಗಿನ ನೆಲವೇ ಜಾರುವುದು. ಅವನ ಭಯವು ಬುದ್ಧಿಯ ತಪ್ಪಲ್ಲ. ಬುದ್ಧಿಯು ಮಾಡಿದ ಸರಿಯಾದ ಲೆಕ್ಕ. ಬೆಳಗಿನ ಜಾವದ ರೈಲಿನಲ್ಲಿ ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ, ದುಡಿದು, ಇರುಳಿಗೆ ಮರಳುವ ಆ ಊರಿನ ಸಾವಿರಾರು ಜನರೇ ಆ ಲೆಕ್ಕಕ್ಕೆ ಇಂದಿಗೂ ಸಾಕ್ಷಿ.

ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನೂ ಇಲ್ಲಿ ನೆನೆಯಬಹುದು. ಚಿನ್ನದ ಗಣಿಯಲ್ಲಿ ಬರಿದಾದುದು ನೆಲ; ಇಲ್ಲಿ ಬದಲಾದುದು ಕಾಲ. 1978ರಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಬಿಡಿಭಾಗಗಳನ್ನು ಜೋಡಿಸುವ ಕುಶಲಿಗಳಿದ್ದರು. ಕೀಲಿ ಕೊಡುವ ಗಡಿಯಾರವನ್ನು ಕ್ವಾರ್ಟ್ಜ್ ಗಡಿಯಾರವು ಹಿಂದಿಕ್ಕಿತು. ಹೊಸ ಸಂಸ್ಥೆಗಳು ಪೇಟೆಯನ್ನು ಹಿಡಿದುವು. ಗಡಿಯಾರದ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ನಿಶ್ಚಯಿಸಿತು. ಕೈಚಳಕದಲ್ಲಿಯಾಗಲಿ ಶ್ರದ್ಧೆಯಲ್ಲಿಯಾಗಲಿ ಆ ಕೆಲಸಗಾರರಿಗೆ ಕೊರತೆಯಿರಲಿಲ್ಲ. ಚೆನ್ನಾಗಿ ದುಡಿಯುವವನಿಗೆ ಭಯವೇಕೆಂದು ಕೇಳುವವರು ಆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಆ ಪ್ರಶ್ನೆಯನ್ನು ಕೇಳಲಿ.

ಇನ್ನೊಂದು ಪಕ್ಷದವರುಂಟು. ಇವರು ಭಯವನ್ನು ಅಲ್ಲಗಳೆಯುವುದಿಲ್ಲ, ಮೆಚ್ಚುತ್ತಾರೆ. ಎತ್ತಿಗೆ ಬಾರುಕೋಲಿನಂತೆ ಆಳಿಗೆ ಅಂಜಿಕೆಯಿರಬೇಕು. ಇಲ್ಲದಿದ್ದರೆ ಕೆಲಸ ಸಾಗದೆಂದು ಇವರ ವಾದ. ಬಾರುಕೋಲಿನ ಭಯದಿಂದ ಎತ್ತು ಬೇಗ ನಡೆದೀತು, ನಿಜ. ಆದರೆ ನೇಗಿಲ ಮುಂದೆ ಕಲ್ಲಿದೆಯೆಂದು ಅದು ಹೇಳಲಾರದು. ಮನುಷ್ಯನನ್ನು ಕೆಲಸಕ್ಕಿಡುವುದು ಅವನು ಕಲ್ಲಿದೆಯೆಂದು ಹೇಳಬಲ್ಲನೆಂದೇ. ಕೋಲಾರದ ಆಳದ ಗಣಿಗಳಲ್ಲಿ ಒತ್ತಡದಿಂದ ಬಂಡೆಯು ಸಿಡಿಯುವ ಅಪಾಯವು ಸದಾ ಇದ್ದಿತು. ಅಂಥಲ್ಲಿ ಬಿರುಕನ್ನು ಕಂಡವನು ಮೇಲಿನವರ ಮುಖಕ್ಕೆ ಅಂಜಿ ಸುಮ್ಮನಾದರೆ ಫಲವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕದ ಪುಸ್ತಕದಲ್ಲಿಯೂ ಯಂತ್ರದ ಮೇಜಿನ ಮೇಲೆಯೂ ಬಿರುಕುಗಳುಂಟು. ಅಂಜಿದ ಗುಮಾಸ್ತನು ತಪ್ಪನ್ನು ಮುಚ್ಚುವನು. ಅಂಜಿದ ಮೇಸ್ತ್ರಿಯು ಹೂಂಗುಟ್ಟುವನು. ಭಯವು ದುಡಿಮೆಯ ಸದ್ದನ್ನು ಹೆಚ್ಚಿಸುವುದೇ ಹೊರತು ದುಡಿಮೆಯನ್ನಲ್ಲ.

ಮೂರನೆಯ ಪಕ್ಷವು ಶಾಸ್ತ್ರವನ್ನು ಮುಂದಿಡುತ್ತದೆ: ಫಲವನ್ನು ಬಯಸದೆ ಕರ್ಮವನ್ನು ಮಾಡಬೇಕು, ಕಾಯಕವನ್ನೇ ಪೂಜೆಯೆಂದು ಬಗೆಯಬೇಕು, ಹಾಗೆ ಬಗೆದವನಿಗೆ ಭಯವೆಲ್ಲಿಯದು? ಮಾತು ದೊಡ್ಡದು, ಆದರೆ ಪ್ರಯೋಗವು ತಪ್ಪು. ಫಲವನ್ನು ಬಿಡೆಂದು ಹೇಳುವುದು ಕರ್ಮವುಳ್ಳವನಿಗೆ. ಕರ್ಮವನ್ನೇ ಕಸಿದುಕೊಂಡು ಫಲತ್ಯಾಗವನ್ನು ಬೋಧಿಸುವುದು ಹಸಿದವನಿಗೆ ಏಕಾದಶಿಯ ಮಹಿಮೆಯನ್ನು ಹೇಳಿದಂತೆ. ಹನ್ನೆರಡನೆಯ ಶತಮಾನದ ಶರಣರು ಕಾಯಕತತ್ತ್ವವನ್ನು ಸಾರಿದುದು ದುಡಿಯುವವರ ಬಾಯಿ ಕಟ್ಟುವುದಕ್ಕಲ್ಲ. ಯಾವ ದುಡಿಮೆಯೂ ಕೀಳಲ್ಲವೆಂದು ದುಡಿಯುವವರ ತಲೆ ಎತ್ತಿಸುವುದಕ್ಕೆ. ಆ ತತ್ತ್ವದಲ್ಲಿ ಅಂಜುವವನಿಗೆ ಬೇಕಾದ ಒಂದು ಮದ್ದೂ ಇದೆ. ಕೆಲಸ ಹೋದವನನ್ನು ಬಡತನಕ್ಕಿಂತ ಮೊದಲು ಕೊಲ್ಲುವುದು ನಾಚಿಕೆ. ನಿನ್ನೆಯವರೆಗೆ ಮೇಜಿನ ಮುಂದೆ ಕುಳಿತವನು ಇಂದು ಅಂಗಡಿಯಲ್ಲಿ ನಿಂತರೆ ಜನರೇನೆಂದಾರೆಂಬ ನಾಚಿಕೆಯನ್ನು ಕಾಯಕತತ್ತ್ವವು ಕತ್ತರಿಸುತ್ತದೆ. ಉಪದೇಶಕರು ಅದನ್ನು ಅಂಜುವವನಿಗೆ ಹೇಳುವುದಕ್ಕಿಂತ, ಅವನನ್ನು ನೋಡಿ ಪಿಸುಗುಟ್ಟುವ ನೆಂಟರಿಗೂ ನೆರೆಹೊರೆಗೂ ಹೇಳಿದರೆ ಲೇಸು.

ಹಾಗಾದರೆ ಅಂಜುತ್ತ ಕುಳಿತಿರಬೇಕೆಂದು ಅರ್ಥವೇ? ಅಲ್ಲ. ಭಯವು ನಿಜವೆಂದು ಒಪ್ಪಿದವನೇ ಅದರಿಂದ ಕೆಲಸ ತೆಗೆಯಬಲ್ಲನು. ಅದನ್ನು ಒಪ್ಪದವನು ಹಗಲೆಲ್ಲ ನಗುಮುಖ ಹೊತ್ತು ಇರುಳೆಲ್ಲ ನಿದ್ದೆಗೆಡುವನು. ಬಹುಕಾಲ ಒಳಗೇ ಕುದಿದ ಭಯವು ದೇಹವನ್ನೂ ತಿನ್ನುವುದು. ಆದುದರಿಂದ ಮೊದಲ ಕೆಲಸವು ಮನೆಯವರ ಮುಂದೆ ಬಾಯಿ ಬಿಡುವುದು. ಹೆಂಡತಿಮಕ್ಕಳು ನೊಂದಾರೆಂದು ಮುಚ್ಚಿಟ್ಟವನು ಅವರು ಹಬ್ಬಕ್ಕೆಂದು ಸಾಲ ಮಾಡುವಾಗ ತಡೆಯಲಾರನು. ಎರಡನೆಯದು ಲೆಕ್ಕ: ಕೈಯಲ್ಲಿರುವ ಹಣದಿಂದ ಎಷ್ಟು ತಿಂಗಳು ಒಲೆ ಉರಿದೀತು, ಯಾವ ಸಾಲದ ಕಂತು ಮೊದಲು ಕುತ್ತಿಗೆಗೆ ಬಂದೀತು ಎಂಬುದನ್ನು ಕಾಗದದ ಮೇಲೆ ಬರೆಯುವುದು. ಎಲ್ಲೆಯಿಲ್ಲದ ಭಯಕ್ಕೆ ಅಂಕೆಯು ಎಲ್ಲೆ ಕಟ್ಟುತ್ತದೆ. "ಎಲ್ಲವೂ ಹೋಯಿತು" ಎನ್ನುವುದಕ್ಕೂ "ಐದು ತಿಂಗಳಿಗೆ ಸಾಕು" ಎನ್ನುವುದಕ್ಕೂ ಅಜಗಜಾಂತರ. ಮೂರನೆಯದು ಸಂಬಳ ಬರುತ್ತಿರುವಾಗಲೇ ಇನ್ನೊಂದು ಕಸುಬಿನ ಬಾಗಿಲನ್ನು ತಟ್ಟಿ ನೋಡುವುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು; ಅದನ್ನು ಧೈರ್ಯೋಪದೇಶಕರು ಎಂದೂ ಹೇಳುವುದಿಲ್ಲ. ಅದು ತನ್ನ ಹಕ್ಕನ್ನು ಅರಿಯುವುದು. ಕೈಗಾರಿಕಾ ವಿವಾದಗಳ 1947ರ ಕಾಯಿದೆಗೆ 1953ರಲ್ಲಿ ಮಾಡಿದ ತಿದ್ದುಪಡಿಯಿಂದ, ಒಂದು ವರ್ಷ ಎಡೆಬಿಡದೆ ದುಡಿದ ಕಾರ್ಮಿಕನನ್ನು ಸಿಬ್ಬಂದಿಯ ಕಡಿತದಲ್ಲಿ ತೆಗೆಯಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ಸೂಚನೆಯನ್ನೋ ಆ ತಿಂಗಳ ವೇತನವನ್ನೋ ಕೊಡಬೇಕೆಂದೂ, ಪೂರ್ತಿಯಾದ ಪ್ರತಿಯೊಂದು ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಸಲ್ಲಿಸಬೇಕೆಂದೂ ವಿಧಿಯಾಯಿತು. 2020ರಲ್ಲಿ ರಚಿತವಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ವಿಧಿಗಳನ್ನು ಉಳಿಸಿಕೊಂಡಿದೆ. ಆದರೆ ಕಾರ್ಖಾನೆ, ಗಣಿ, ತೋಟಗಳಲ್ಲಿ ಜನರನ್ನು ಕಡಿತಗೊಳಿಸುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕೆಂಬ ಕಟ್ಟಳೆಯು ಹಿಂದೆ 100 ಮಂದಿ ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿದ್ದುದು ಈಗ 300 ಮಂದಿಗೆ ಏರಿದೆ. 299 ಮಂದಿಯ ಕಾರ್ಖಾನೆಯಲ್ಲಿ ದುಡಿಯುವವನ ಭಯವು ಈ ಒಂದು ಅಂಕೆಯಿಂದ ಬೆಳೆದಿದ್ದರೆ ಅದಕ್ಕೆ ಪ್ರಾಣಾಯಾಮವು ಮದ್ದಲ್ಲ.

ಹಕ್ಕನ್ನು ಅರಿಯದವನು ಭಯದಿಂದ ಮಾಡುವ ದೊಡ್ಡ ತಪ್ಪು ಒಂದುಂಟು. ತೆಗೆದುಹಾಕಿದರೆಂಬ ಕಳಂಕ ಬೇಡ, ತಾನಾಗಿಯೇ ರಾಜೀನಾಮೆ ಕೊಟ್ಟರೆ ಮರ್ಯಾದೆಯೆಂದು ನಯವಾಗಿ ಹೇಳಿ ಅವನ ಮುಂದೆ ಒಂದು ಕಾಗದವನ್ನಿಡುವರು. ಅಂಜಿದವನು ಅಲ್ಲಿಯೇ ರುಜು ಹಾಕುವನು. ತಾನಾಗಿ ಬಿಟ್ಟವನು ಕಡಿತಗೊಂಡವನಲ್ಲ. ಆದ್ದರಿಂದ ಕಡಿತದ ಪರಿಹಾರಕ್ಕೆ ಅವನು ಬಾಧ್ಯನಲ್ಲ. ಹತ್ತು ವರ್ಷ ದುಡಿದವನ 150 ದಿನಗಳ ವೇತನವು ಒಂದು ರುಜುವಿನಲ್ಲಿ ಹಾರಿಹೋಗುತ್ತದೆ. ಅಂಥ ವೇಳೆಯಲ್ಲಿ ಧೈರ್ಯವೆಂದರೆ ಎದೆಯುಬ್ಬಿಸುವುದಲ್ಲ. "ಮನೆಗೆ ಕೊಂಡುಹೋಗಿ ಓದಿ, ತಿಳಿದವರನ್ನು ಕೇಳಿ ನಾಳೆ ಹೇಳುವೆನು" ಎಂಬ ಒಂದು ವಾಕ್ಯ. ಆ ವಾಕ್ಯವನ್ನು ಆಡಲು ಬೇಕಾದ ಬಲವು ಜಪದಿಂದ ಬಾರದು. ಕಾಯಿದೆಯ ಅರಿವಿನಿಂದಲೂ ಬೆನ್ನ ಹಿಂದೆ ನಾಲ್ವರಿರುವರೆಂಬ ನಂಬಿಕೆಯಿಂದಲೂ ಬರುವುದು.

ಇನ್ನು ಕಡೆಯ ಆಕ್ಷೇಪಣೆ: ಇದು ಕಾರ್ಮಿಕ ಸಂಘಗಳ ಮಾತು, ಸಾಹಿತ್ಯ ಸಂಘಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧವನ್ನು ಆಸ್ಟ್ರಿಯಾ ದೇಶದ ಒಂದು ಹಳ್ಳಿಯು ತೋರಿಸಿಕೊಟ್ಟಿದೆ. ಮರೀನ್‌ತಾಲ್ ಎಂಬ ಆ ಹಳ್ಳಿಯು ಒಂದೇ ಬಟ್ಟೆಯ ಗಿರಣಿಯನ್ನು ನಂಬಿದ್ದಿತು. ಗಿರಣಿ ಮುಚ್ಚಿದ ಮೇಲೆ ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ವಿದ್ವಾಂಸರು ಅಲ್ಲಿಯ ಜೀವನವನ್ನು ಪರೀಕ್ಷಿಸಿ 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕೆಲಸವಿಲ್ಲದವರಿಗೆ ಬಿಡುವು ಬೇಕಾದಷ್ಟಿದ್ದಿತು. ಊರಿನಲ್ಲಿ ಪುಸ್ತಕ ಭಂಡಾರವಿದ್ದಿತು. ಆದರೂ ಅಲ್ಲಿಂದ ಓದಲು ಒಯ್ದ ಪುಸ್ತಕಗಳ ಸಂಖ್ಯೆಯು ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆಯೂ ನಿಧಾನವಾಯಿತು. ಹೊಟ್ಟೆಯ ಚಿಂತೆ ಹೊಕ್ಕ ಮನೆಯಲ್ಲಿ ಮೊದಲು ಮುಚ್ಚುವುದು ಪುಸ್ತಕ. ಓದುವವರ ಅನ್ನದ ವಿಚಾರ ತನ್ನದಲ್ಲವೆನ್ನುವ ಸಾಹಿತ್ಯ ಸಂಘವು ಕಾಲಕ್ರಮದಲ್ಲಿ ಓದುವವರಿಲ್ಲದ ಸಂಘವಾದೀತು.

ಆದುದರಿಂದ ಜಿಲ್ಲೆಯ ಸಂಘಗಳು ಮಾಡಬಹುದಾದ ಕೆಲಸವು ಕಣ್ಣಮುಂದೆಯೇ ಇದೆ. ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಲ್ಲಿ ಇಂದು ಗುತ್ತಿಗೆಯ ಮೇಲೆ ದುಡಿಯುವ ತರುಣ ತರುಣಿಯರಲ್ಲಿ ತಮ್ಮ ನೇಮಕದ ಪತ್ರವನ್ನು ಓದಿ ಅರ್ಥಮಾಡಿಕೊಂಡವರು ಎಷ್ಟು ಮಂದಿ? ಪತ್ರವು ಇಂಗ್ಲಿಷಿನಲ್ಲಿ, ಕಾಯಿದೆಯೂ ಇಂಗ್ಲಿಷಿನಲ್ಲಿ. ಭಯವೊಂದೇ ಅವರಿಗೆ ಕನ್ನಡದಲ್ಲಿ ದೊರೆಯುತ್ತಿದೆ. ಕಾಯಿದೆಯ ಸಾರವನ್ನು ತಿಳಿಗನ್ನಡದಲ್ಲಿ ಬರೆದು ಹಂಚುವುದು, ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಒಬ್ಬ ವಕೀಲರನ್ನು ಕುಳ್ಳಿರಿಸಿ ಬಂದವರ ಕಾಗದಗಳನ್ನು ಓದಿ ಹೇಳಿಸುವುದು, ಕೆಲಸ ಹೋದವನನ್ನು ಸಂಘದ ಸಭೆಗೆ ಮೊದಲಿನಂತೆಯೇ ಕರೆದು ಮೊದಲಿನ ಸ್ಥಾನದಲ್ಲಿಯೇ ಕೂರಿಸುವುದು—ಇವಾವುವೂ ಸಾಹಿತ್ಯಸೇವೆಗೆ ಹೊರತಾದುವಲ್ಲ. ಭಾಷೆಯ ಮೊದಲ ಉಪಕಾರವು ಮನುಷ್ಯನಿಗೆ ತನ್ನ ಸ್ಥಿತಿಯನ್ನು ತಿಳಿಸುವುದು.

ಧೈರ್ಯವನ್ನು ಹೇಳಬಾರದೆಂದಲ್ಲ. ಅಂಜಿದವನ ಪಕ್ಕದಲ್ಲಿ ಕುಳಿತು, ಅವನ ಲೆಕ್ಕವನ್ನು ಅವನೊಡನೆ ಹಾಕಿ, ಅವನ ಕಾಗದವನ್ನು ಓದಿ, ಅವನ ಮನೆಯ ಬಾಗಿಲನ್ನು ಮರುದಿನವೂ ತಟ್ಟುವವನು "ಧೈರ್ಯವಾಗಿರು" ಎಂದರೆ ಆ ಮಾತಿಗೆ ಬೆಲೆಯುಂಟು. ದೂರ ನಿಂತು ಹೇಳಿದವನದು ಬಾಯುಪಚಾರ; ಅದರಿಂದ ಯಾರ ಮನೆಯ ಒಲೆಯೂ ಉರಿಯದು.