ಹತ್ತು ಪ್ರೊಜೆಕ್ಟರ್ ಬೇಡ, ಇಪ್ಪತ್ತು ದಿಕ್ಸೂಚಿ ಕೊಡಿ

ನಮ್ಮ ಶಾಲೆಗಳಲ್ಲಿ ನಕ್ಷೆ ಅಂದರೆ ಚಿತ್ರಕಲೆ. ಎಸ್ಸೆಸ್ಸೆಲ್ಸಿ ತನಕ ಭಾರತದ ಅಂಚು ಬಿಡಿಸಿ, ಮುಂಬೈಗೊಂದು ಚುಕ್ಕಿ, ನರ್ಮದೆಗೊಂದು ನೀಲಿ ಗೆರೆ ಹಾಕಿ ಅಂಕ ತಗೊಳ್ಳುತ್ತೇವೆ. ಶಾಲೆ ಹಿಂದಿನ ಗುಡ್ಡ ನಕ್ಷೆಯಲ್ಲಿ ಎಲ್ಲಿದೆ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ಒಂಬತ್ತನೇ ಕ್ಲಾಸಿನಿಂದ ಪಿಯುಸಿ ತನಕ ಎಲ್ಲ ಮಕ್ಕಳಿಗೂ ನಕ್ಷೆ, ದಿಕ್ಸೂಚಿ ಹಿಡಿದು ನಡೆಯೋದನ್ನ ಕಲಿಸಲೇಬೇಕು, ಅದೂ ಬಯಲಲ್ಲಿ. ಇದು ನನ್ನ ವಾದ.

‘ಗೂಗಲ್ ಮ್ಯಾಪ್ ಇದೆಯಲ್ಲ ಮಾರಾಯ್ರೆ’ ಅಂತೀರಿ. ಇದೆ, ನಾನೂ ದಿನಾ ಬಳಸುತ್ತೇನೆ. ಆದರೆ 2024ರ ನವೆಂಬರಿನಲ್ಲಿ ಬರೇಲಿ ಹತ್ತಿರ ತುಂಡಾಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಜಿಪಿಎಸ್ ನಂಬಿ ಹೋಗಿರಬೇಕು ಅಂತ ಪೊಲೀಸರು ಶಂಕಿಸಿದರು. ಫೋನು ‘ಎಡಕ್ಕೆ ತಿರುಗಿ’ ಅನ್ನುತ್ತದೆ, ನಾವು ತಿರುಗುತ್ತೇವೆ. ಸುತ್ತಮುತ್ತ ಏನಿದೆ ಅಂತ ನೋಡುವ ಅಭ್ಯಾಸವೇ ಹೋಗಿದೆ.

ಹೊನ್ನಾವರ ಪಕ್ಕದ ಕರ್ಕಿಯನ್ನೇ ತಗೊಳ್ಳಿ. ಪಶ್ಚಿಮಕ್ಕೆ ಬಡಗಣಿ ಹೊಳೆ, ಸಮುದ್ರ. ಪೂರ್ವಕ್ಕೆ ಗುಡ್ಡ. ನಡುವೆ ರಾಷ್ಟ್ರೀಯ ಹೆದ್ದಾರಿ 66. ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಯಾವ ಕಾಲೇಜಿನಲ್ಲಿದೆ? ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ದಿಕ್ಸೂಚಿ ಇಟ್ಟು ನಕ್ಷೆಯ ಉತ್ತರವನ್ನು ನೆಲದ ಉತ್ತರಕ್ಕೆ ಹೊಂದಿಸಬೇಕು. ಕಣ್ಣಿಗೆ ಕಾಣುವ, ನಕ್ಷೆಯಲ್ಲೂ ಇರುವ ಎರಡು ಗುರುತುಗಳ ದಿಕ್ಕಿನ ಕೋನ ಅಳೆದು, ಆ ಗುರುತುಗಳಿಂದ ನಮ್ಮ ಕಡೆಗೆ ಗೆರೆ ಎಳೆಯಬೇಕು. ಎರಡು ಗೆರೆ ಕೂಡಿದಲ್ಲಿ ನಾವಿದ್ದೇವೆ. ದಡದ ಗುಡ್ಡ, ಮರ ನೋಡಿ ಮೀನಿನ ಜಾಗ ಹಿಡಿಯುತ್ತಿದ್ದ ನಮ್ಮ ಮೀನುಗಾರರ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಇದನ್ನ ಬರೀ ಆಟ ಅಂದುಕೊಳ್ಳಬೇಡಿ. ನಕ್ಷೆಯಲ್ಲಿ ಕಾಂಟೂರ್ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಇಳಿಜಾರು ಕಡಿದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ಹೊಳೆ ತನಕ ಬಂತು. ಊರಿನವರಿಗೆ ಗೆರೆ ಓದಲು ಬಂದಿದ್ದರೆ ಗುಡ್ಡ ನಿಲ್ಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ರಸ್ತೆ ಅಗಲ ಮಾಡುವ ಪ್ಲಾನು ಬಂದಾಗ ಅದನ್ನ ಹರಡಿಕೊಂಡು, ‘ಇಲ್ಲಿ ಎಷ್ಟು ಎತ್ತರ ಕಡೀತೀರಿ? ಮಳೆಗಾಲದ ನೀರು ಎಲ್ಲಿಂದ ಇಳೀತದೆ?’ ಅಂತ ಕೇಳುವವರು ಊರಲ್ಲಿ ಹತ್ತು ಜನ ಬೇಕು. ಕಾಸರಕೋಡಿನ ಬಂದರು ಇರಲಿ, ಶರಾವತಿ ಪಂಪ್ಡ್ ಸ್ಟೋರೇಜ್ ಇರಲಿ, ಜಗಳ ಕೊನೆಗೆ ನಕ್ಷೆಯ ಮೇಲೇ ಬರುತ್ತದೆ. ಓದಲು ಬಾರದವರು ಮೇಜಿನ ಆಚೆ ಕೂತವರು ಹೇಳಿದ್ದಕ್ಕೆ ತಲೆಯಾಡಿಸಬೇಕಾಗುತ್ತದೆ.

ಖರ್ಚಿನ ನೆಪ ಹೇಳಬೇಡಿ. 2017ರಿಂದ ಈ ನಕ್ಷೆಗಳನ್ನು ಸರ್ವೆ ಆಫ್ ಇಂಡಿಯಾ ಉಚಿತವಾಗಿ ಡೌನ್‌ಲೋಡ್ ಮಾಡಲು ಬಿಟ್ಟಿದೆ. ಸಾದಾ ದಿಕ್ಸೂಚಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ವೀಡನ್ನಿನಲ್ಲಿ ಇದು ಶಾಲೆಯ ದೈಹಿಕ ಶಿಕ್ಷಣದ ಭಾಗ. ನಮ್ಮಲ್ಲಿ ಎನ್‌ಸಿಸಿ, ಸ್ಕೌಟ್ ಸೇರಿದವರಿಗೆ ಸ್ವಲ್ಪ, ಪಿಯು ಭೂಗೋಳದವರಿಗೆ ಮೇಜಿನ ಮೇಲೆ ಸ್ವಲ್ಪ, ಬೆಂಗಳೂರಿನ ದುಬಾರಿ ಶಾಲೆಗಳಿಗೆ ಅಡ್ವೆಂಚರ್ ಕ್ಯಾಂಪು. ಬಾಗಿಲಾಚೆಗೇ ಗುಡ್ಡ, ಹೊಳೆ ಇರುವ ಸರ್ಕಾರಿ ಶಾಲೆಯ ಹುಡುಗಿಗೆ ಮಾತ್ರ ಏನೂ ಇಲ್ಲ.

ವೀಕೆಂಡಿಗೆ ಘಟ್ಟ ಹತ್ತುವ ಗೆಳೆಯರೇ, ಊರಿನ ಶಾಲೆಗೆ ಪ್ರೊಜೆಕ್ಟರ್ ಕೊಟ್ಟು ಫೋಟೋ ಹಾಕಿದ್ದು ಸಾಕು. ಇಪ್ಪತ್ತು ದಿಕ್ಸೂಚಿ, ಊರಿನ ನಕ್ಷೆಯ ಇಪ್ಪತ್ತು ಪ್ರಿಂಟ್ ತಗೊಂಡು ಹೋಗಿ. ಹೆಡ್‌ಮಾಸ್ಟರ ಹತ್ತಿರ ಒಂದು ಶನಿವಾರ ಕೇಳಿ. ಆಮೇಲೆ ಮಕ್ಕಳನ್ನ ಮುಂದೆ ಬಿಟ್ಟು ಹಿಂದಿನಿಂದ ನಡೀರಿ.