ಪೂಜೆಗೆ ಮುನ್ನ ವ್ಯಾನಿನ ಸೀಟು ಇಳಿಸಿ

ಆಯುಧಪೂಜೆ ಹತ್ತಿರ ಬಂತು. ಬೀದಿಬೀದಿಯಲ್ಲೂ ಬಕೆಟ್ಟಿನ ಸದ್ದು. ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಮೈ ತೊಳೆಸುವ ಸಂಭ್ರಮ. ಹೊರಗೆ ಫಳಫಳ ಹೊಳೆದರೆ ಸಾಕು, ಪೂಜೆಗೆ ಸಿದ್ಧ ಎನ್ನುವವರೇ ಹೆಚ್ಚು. ಮನೆಯಲ್ಲಿ ಓಮ್ನಿಯೋ ಈಕೋವೋ ಇದ್ದವರು ಈ ಸಲ ಒಂದು ಕೆಲಸ ಹೆಚ್ಚಿಗೆ ಮಾಡಿ. ಹಬ್ಬಕ್ಕೆ ಎರಡು ದಿನ ಮೊದಲೇ ಹಿಂದಿನ ಸೀಟು ಬಿಚ್ಚಿ ಹೊರಗಿಡಿ. ಮಳೆಗಾಲದಲ್ಲಿ ನಿಮ್ಮ ವ್ಯಾನು ಎಲ್ಲೆಲ್ಲಿ ನೀರು ಕುಡಿದಿದೆ ಎನ್ನುವುದು ಆಗ ಗೊತ್ತಾಗುತ್ತದೆ.

ಒದ್ದೆ ಚಪ್ಪಲಿ, ಒದ್ದೆ ಕೊಡೆ, ಒದ್ದೆ ಶಾಲಾಚೀಲ, ಇವುಗಳ ನೀರೆಲ್ಲ ಮ್ಯಾಟಿನ ಕೆಳಗೆ ಇಳಿದು ಅಲ್ಲೇ ಕೂತಿರುತ್ತದೆ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಮೂರೂ ಸೇರಿದರೆ ಏನಾಗುತ್ತದೆ ಮಕ್ಕಳೇ? ತುಕ್ಕು. ಅದಕ್ಕೆ ಉಪ್ಪೂ ಜೊತೆಯಾದರೆ ಕೆಲಸ ಇನ್ನೂ ಚುರುಕು. ಕಾರವಾರ, ಮಂಗಳೂರಿನ ಕಡೆಯ ಅಜ್ಜಂದಿರನ್ನು ಕೇಳಿ ನೋಡಿ, ಕಡಲ ಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ಹೇಳುತ್ತಾರೆ.

ಸೀಟು ಬಿಚ್ಚುವುದು ದೊಡ್ಡವರ ಕೆಲಸ, ಲೆಕ್ಕ ಇಡುವುದು ಮಕ್ಕಳ ಕೆಲಸ. ನಮ್ಮಲ್ಲಿನ ವ್ಯಾನುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟನ್ನು ಬೋಲ್ಟುಗಳಿಂದ ನೆಲಕ್ಕೆ ಬಿಗಿದಿರುತ್ತಾರೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆದುಕೊಳ್ಳಿ. ಬೋಲ್ಟು ಹಿಡಿದುಕೊಂಡಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ, ಒಂದು ಲೋಟ ಕಾಫಿ ಕುಡಿದು ಬನ್ನಿ. ಅಳತೆಗೆ ಸರಿಯಾದ ಸ್ಪ್ಯಾನರನ್ನೇ ಹಾಕಿ. ದೊಡ್ಡದನ್ನು ಹಾಕಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಗ್ಯಾರೇಜೇ ಗತಿ. ಒಂದೊಂದು ಸೀಟಿನ ಬೋಲ್ಟಿಗೆ ಒಂದೊಂದು ಡಬ್ಬ. ಮೇಲೆ ಚೀಟಿ ಅಂಟಿಸಿ ‘ಎಡ’, ‘ಬಲ’ ಎಂದು ಬರೆಯಲು ಮೂರನೇ ಕ್ಲಾಸಿನವರೂ ಸಾಕು.

ಸೀಟು ಎತ್ತುವಾಗ ಇಬ್ಬರಿರಲಿ. ಅಜ್ಜಂದಿರೇ, ಒಬ್ಬರೇ ಎತ್ತಿ ಸೊಂಟ ಹಿಡಿಸಿಕೊಂಡು ಹಬ್ಬದ ಊಟಕ್ಕೆ ಹಾಸಿಗೆಯಲ್ಲಿ ಮಲಗಬೇಡಿ. ಬಾಗಿಲ ಅಂಚಿಗೆ ಗೋಣಿಚೀಲ ಹಾಸಿದರೆ ಬಣ್ಣ ಕೆರೆಯುವುದಿಲ್ಲ. ಮುಂದಿನ ಸೀಟಿನ ತಂಟೆಗೆ ಹೋಗುವುದು ಬೇಡ. ಈ ವ್ಯಾನುಗಳ ಎಂಜಿನ್ ಇರುವುದೇ ಅದರ ಕೆಳಗೆ. ಹೊಸ ವಾಹನಗಳಲ್ಲಿ ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ವೈರಿನ ಜೋಡಣೆ ಕಂಡರೆ ಅದು ಏರ್‌ಬ್ಯಾಗಿಗೆ ಸೇರಿದ್ದು. ಅದನ್ನು ಎಳೆಯಬಾರದು.

ಅಮೆರಿಕದಲ್ಲಿರುವ ಮೊಮ್ಮಕ್ಕಳಿಗೆ ಈ ಸ್ಪ್ಯಾನರ್ ಕಥೆ ವಿಚಿತ್ರ ಎನಿಸಬಹುದು. ಅಲ್ಲಿನ ಕ್ರೈಸ್ಲರ್, ಡಾಜ್ ಮಿನಿವ್ಯಾನುಗಳಲ್ಲಿ 2005ರ ಮಾದರಿಯಿಂದ ಹಿಂದಿನ ಸೀಟುಗಳನ್ನು ಮಡಚಿ ನೆಲದ ಗುಳಿಯೊಳಗೇ ಅಡಗಿಸಿಡುವ ಏರ್ಪಾಡು ಬಂತು. ಡಾಜ್ ಕ್ಯಾರವಾನ್ 1984ರ ಮಾದರಿಯಾಗಿ ಅಲ್ಲಿ ಮಾರುಕಟ್ಟೆಗೆ ಬಂದಿತ್ತು. ನಮ್ಮ ಓಮ್ನಿ ‘ಮಾರುತಿ ವ್ಯಾನ್’ ಎಂಬ ಹೆಸರಿನಲ್ಲಿ ಇಲ್ಲಿ ಕಾಣಿಸಿಕೊಂಡದ್ದೂ 1984ರಲ್ಲೇ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿದೆ. ಹಾಗಾಗಿ ಇನ್ನೂ ಓಡುತ್ತಿರುವ ಓಮ್ನಿಗಳೆಲ್ಲ ವಯಸ್ಸಾದವು, ತುಕ್ಕಿನ ಉಪಚಾರ ಅವಕ್ಕೇ ಹೆಚ್ಚು ಬೇಕು.

ಸೀಟು ಹೊರಗೆ ಬಂದ ಮೇಲೆ ಮಕ್ಕಳಿಗೆ ಸುಗ್ಗಿ. ಪೆನ್ಸಿಲ್ಲು, ಕಡಲೆಕಾಯಿ ಸಿಪ್ಪೆ, ಕಳೆದುಹೋಗಿದ್ದ ಒಂದು ಕಾಲಿನ ಸಾಕ್ಸು, ಒಂದೆರಡು ರೂಪಾಯಿ ನಾಣ್ಯ ಸಿಕ್ಕೇ ಸಿಗುತ್ತವೆ. ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಒಂದು ದಿನ ಪೂರ್ತಿ ಗಾಳಿಯಾಡಲು ಬಿಡಿ. ತುಕ್ಕಿನ ಕಲೆ ಇದ್ದರೆ ಉಪ್ಪುಕಾಗದದಿಂದ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಬಳಿಯಿರಿ. ಬೆರಳಿಂದ ಒತ್ತಿದಾಗ ತಗಡು ಕುಸಿದರೆ ಮಾತ್ರ ಬೆಸುಗೆಯವರಿಗೇ ತೋರಿಸಬೇಕು.

ಇನ್ನು ಹೊರಮೈ. ವಾಹನದ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು! ಧೂಳು ಹಿಡಿದ ಬಾಗಿಲ ಮೇಲೆ ಬೆರಳಿಂದ ಹೆಸರು ಬರೆಯುತ್ತೀರಲ್ಲ, ಆಗ ಆ ಧೂಳಿನ ಮರಳುಕಣಗಳು ಹಾಳೆಯನ್ನು ಗೀರುತ್ತವೆ. ತೊಳೆದ ಮೇಲೂ ಬಿಸಿಲಲ್ಲಿ ಓರೆಯಾಗಿ ನೋಡಿದರೆ ನಿಮ್ಮ ಹೆಸರು ಅಲ್ಲೇ ಇರುತ್ತದೆ. ಒಣಬಟ್ಟೆಯಿಂದ ಧೂಳು ಒರೆಸುವ ದೊಡ್ಡವರು ಮಾಡುವುದೂ ಇದನ್ನೇ. ಮೊದಲು ನೀರು, ಆಮೇಲೆ ಬಟ್ಟೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ವಾಹನದ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು. ನೆರಳಿನಲ್ಲಿ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಪೈಪು ಬೇಡ. ಬೆಂಗಳೂರಿನಲ್ಲಿ 2024ರ ಮಾರ್ಚಿನ ಬರಗಾಲದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿದ್ದು ಹಲವರಿಗೆ ನೆನಪಿರಬಹುದು. ಹಕ್ಕಿ ಹಿಕ್ಕೆಯನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಐದು ನಿಮಿಷ ಹಾಕಿಟ್ಟರೆ ತಾನೇ ಬಿಡುತ್ತದೆ.

ಬಾಗಿಲ ಕೆಳಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಒಳಗೆ ಇಳಿದ ಮಳೆನೀರು ಹೊರಹೋಗುವ ದಾರಿ ಅದು. ಮಣ್ಣು ಕಟ್ಟಿದ್ದರೆ ತೆಂಗಿನಗರಿ ಪೊರಕೆಯ ಕಡ್ಡಿಯಿಂದ ಬಿಡಿಸಿ. ಜಾರುವ ಬಾಗಿಲಿನ ಹಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಒಗ್ಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಡಿಕೆ ಮೂಟೆಗೋ ಅಡುಗೆಯವರ ಪಾತ್ರೆಗೋ ಎಂದು ಸೀಟು ತೆಗೆದವರು ಎಷ್ಟೋ ಸಲ ಅದನ್ನು ಹಾಗೇ ಬಿಡುತ್ತಾರೆ. ದೇವಸ್ಥಾನಕ್ಕೆ ಹೊರಟಾಗ ನೆಲಕ್ಕೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸುತ್ತಾರೆ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಆ ವೇಗದಲ್ಲಿ ವ್ಯಾನು ಯಾವುದಕ್ಕಾದರೂ ಡಿಕ್ಕಿ ಹೊಡೆದು ನಿಂತರೂ ಮಗು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಸುಮಾರು 6 ಮೀಟರ್, ಅಂದರೆ ಎರಡು ಮಹಡಿ ಎತ್ತರದಿಂದ ಬಿದ್ದವರಿಗೆ ಇರುವ ವೇಗವೂ ಇಷ್ಟೇ. ಬೋಲ್ಟು ಹಾಕದೆ ಸುಮ್ಮನೆ ಇಟ್ಟ ಸೀಟು ಇನ್ನೂ ಕೆಟ್ಟದ್ದು, ಮಗುವಿನ ಜೊತೆಗೆ ಸೀಟೂ ಹಾರುತ್ತದೆ.

ಆದ್ದರಿಂದ ಮಕ್ಕಳು ಹತ್ತುವ ಮೊದಲು ಸೀಟು ವಾಪಸು ಕೂರಲೇಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಮೂರು ನಾಲ್ಕು ಸುತ್ತು ಹಾಕಿ, ಆಮೇಲೆ ಸ್ಪ್ಯಾನರಿನಿಂದ ಬಿಗಿಯಿರಿ. ಡಬ್ಬದಲ್ಲಿ ಒಂದು ಬೋಲ್ಟು ಉಳಿದರೂ ಕೆಲಸ ಮುಗಿದಿಲ್ಲ. ಬೆಲ್ಟುಗಳು ಸೀಟಿನ ಕೆಳಗೆ ಸಿಕ್ಕಿಕೊಂಡಿದ್ದರೆ ಹೊರಗೆಳೆದು, ಒಂದೊಂದನ್ನೂ ಹಾಕಿ ಬಿಚ್ಚಿ ನೋಡಿ. ಸೀಟು ಹಿಡಿದು ಜೋರಾಗಿ ಅಲ್ಲಾಡಿಸುವ ಪರೀಕ್ಷೆ ಮಕ್ಕಳಿಗೇ ಇರಲಿ. ಈ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಇನ್‌ಸ್ಪೆಕ್ಟರ್ ಸಿಗುವುದಿಲ್ಲ. ಗ್ಯಾರೇಜಿನವರು ಒಮ್ಮೆ ಬಿಗಿ ನೋಡಿಕೊಟ್ಟರೆ ಇನ್ನೂ ನಿಶ್ಚಿಂತೆ.

ಪೂಜೆಯ ದಿನ ಅರಿಶಿನ ಕುಂಕುಮವನ್ನು ಬಣ್ಣದ ಮೇಲೆ ಹಚ್ಚುವ ಬದಲು ಗಾಜಿನ ಮೂಲೆಗೆ ಇಡಿ. ಗಾಜಿನಿಂದ ಒರೆಸಿದರೆ ಹೋಗುತ್ತದೆ, ಬಿಳಿ ಬಣ್ಣದಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹಾರವನ್ನು ತಂತಿಯಿಂದಲ್ಲ, ನೂಲಿನಿಂದ ಕಟ್ಟಿ. ಬಾಳೆಕಂದು ಚಾಲಕರ ನೋಟಕ್ಕೆ ಅಡ್ಡ ಬರದಿರಲಿ. ಬೂದುಗುಂಬಳ ಒಡೆದ ಮೇಲೆ ಅಜ್ಜಿಯೊಬ್ಬರು ಪೊರಕೆ ಹಿಡಿದು ನಿಂತಿರಲಿ, ಮೊಮ್ಮಗನೊಬ್ಬ ಮೊರ ಹಿಡಿಯಲಿ. ರಸ್ತೆಯಲ್ಲಿ ಬಿದ್ದ ಆ ತಿರುಳಿನ ಮೇಲೆ ಸಂಜೆ ಯಾರದೋ ಸ್ಕೂಟರು ಜಾರುವ ಮೊದಲೇ ಗುಡಿಸಿ ತೆಗೆಯಬೇಕಲ್ಲ.