ಗಿಣಿಯದು ಮೌಢ್ಯ, ಟ್ಯಾರೋದು ಥೆರಪಿಯೇ?

ರಾಗಿಗುಡ್ಡದ ನನ್ನ ಬಾಡಿಗೆ ಕೋಣೆಗೆ ಬರುವ ಗೆಳೆಯರಲ್ಲಿ ಈಚೆಗೆ ಟ್ಯಾರೋ ಓದಿಸಿಕೊಳ್ಳದವರೇ ಕಡಿಮೆ. ಪಿಎಚ್‌ಡಿ ಮುಗಿಯುತ್ತದೆಯೇ, ಬಿಟ್ಟುಹೋದವಳು ಮರಳುತ್ತಾಳೆಯೇ ಎಂದು ಮೊಬೈಲಿನಲ್ಲೇ ಕೇಳಿ ದುಡ್ಡು ಕಳಿಸುತ್ತಾರೆ. ಇದೇ ಜನ ಮರದಡಿ ಪಂಜರ ಇಟ್ಟುಕೊಂಡು ಕೂತ ಗಿಣಿ ಶಾಸ್ತ್ರದವನನ್ನು ಕಂಡರೆ ಮೌಢ್ಯ ಎಂದು ನಗುತ್ತಾರೆ. ಯಾಕೆ ಎಂದರೆ, 'ಟ್ಯಾರೋ ಬೇರೆ ಕಣೋ, ಅದು ಇಟಲಿಯ ಪ್ರಾಚೀನ ಜ್ಞಾನ' ಎಂಬ ಉತ್ತರ.

ಯಾವ ಜ್ಞಾನ? ಹದಿನೈದನೇ ಶತಮಾನದ ಮಿಲಾನಿನಲ್ಲಿ ವಿಸ್ಕೋಂಟಿ ಮತ್ತು ಸ್ಫೋರ್ಜಾ ದೊರೆಮನೆಗಳಿಗಾಗಿ ಚಿನ್ನದ ರೇಕು ಹಚ್ಚಿ ಕೈಯಿಂದ ಚಿತ್ರಿಸಿದ ಆ ಎಲೆಗಳು ಇಸ್ಪೀಟಿನಂಥ ಆಟಕ್ಕೆ ಸೇರಿದವು. ಸಾವು, ಸೂರ್ಯ, ಚಕ್ರವರ್ತಿ ಎಲ್ಲ ತುರುಪಿನ ಎಲೆಗಳು, ಅಷ್ಟೇ. ಅವುಗಳಲ್ಲಿ ಹೆಸರಾದ ಒಂದು ಕಟ್ಟಿನ 78 ಎಲೆಗಳಲ್ಲಿ 74 ಉಳಿದು, ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯಕ್ಕೂ ಬೆರ್ಗಾಮೊ ಊರಿಗೂ ಹಂಚಿಹೋಗಿವೆ. ಸೈತಾನನ ಎಲೆ ಉಳಿದೇ ಇಲ್ಲ. ಈಗ ಮಾರುವ ಪ್ರತಿಗಳಲ್ಲಿ ನಿಮ್ಮನ್ನು ಹೆದರಿಸುವ ಸೈತಾನ ಆಮೇಲಿನವರು ಬರೆದು ಸೇರಿಸಿದವನು. ಟ್ಯಾರೋದಲ್ಲಿ ಈಜಿಪ್ಟಿನ ಗುಪ್ತವಿದ್ಯೆ ಅಡಗಿದೆ ಎಂದು 1781ರಲ್ಲಿ ಬರೆದವನು ಕೂರ್ ದ ಜೆಬೆಲಿನ್ ಎಂಬ ಫ್ರಾನ್ಸಿನ ಪಂಡಿತ. ಪುರಾವೆ ಕೊಡಲಿಲ್ಲ. ನಂಬುವವರಿಗೆ ಅದು ಬೇಕಾಗಲೂ ಇಲ್ಲ.

'ಇದು ಭವಿಷ್ಯವಲ್ಲ, ಆತ್ಮಾವಲೋಕನ' ಎನ್ನುವವರಿದ್ದಾರೆ. ಇರಲಿ. ಗಿಣಿ ಶಾಸ್ತ್ರದವನೂ ಮುಖ ನೋಡಿ, ಕಷ್ಟ ಕೇಳಿ, ಆಮೇಲೇ ಚಿತ್ರ ಬಿಚ್ಚುತ್ತಾನೆ. ಕನ್ನಡದಲ್ಲಿ ಹೇಳಿದರೆ ಕಣಿ, ಇಂಗ್ಲಿಷಿನಲ್ಲಿ ಹೇಳಿದರೆ ಹೀಲಿಂಗ್! ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ, ಅದನ್ನು ಬಿಡಿಸಲೇಬೇಕು. ಆದರೆ ನೀವು ನಗುವುದು ಗಿಣಿಯ ಮೇಲಿನ ಕರುಣೆಯಿಂದಲ್ಲ, ಅವನ ಮಾಸಿದ ಲುಂಗಿ ನೋಡಿ.

ಕೈಬರಹದ ಎಲೆಗಳ ಮೋಹವೇ ಇದ್ದರೆ ಮೈಸೂರು ಎಷ್ಟು ದೂರ? ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡು ಎಲೆಗಳು. ಈಗ ಅವನ್ನು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುತ್ತೇವೆ. ಆಡಲು ಬರುವವರನ್ನು ಹುಡುಕಬೇಕು. ನಾಳೆ ಯಾರಾದರೂ ಮತ್ಸ್ಯಾವತಾರದ ಎಲೆ ತೆಗೆದು ನಿಮ್ಮ ಭವಿಷ್ಯ ಹೇಳಹೊರಟರೆ ದುಡ್ಡು ಕೊಡಬೇಡಿ, ಆಡೋಣ ಬಾ ಎನ್ನಿ. ಹಗಲಾದರೆ ರಾಮ ಯಾರ ಕೈಯಲ್ಲಿದೆಯೋ ಅವರದೇ ಮೊದಲ ಎಲೆ. ರಾತ್ರಿಯಾದರೆ ಕೃಷ್ಣ ಇದ್ದವರದು.